ಮೂರು ಕೋಣೆ, ಮಾಜಾಳಿ

ಮಡಲಿನ ತಡಿಕೆ ಬಿಚ್ಚಿದೆವು.
ನಾಲ್ಕು ತಿಂಗಳ ಮಳೆ ಕುಡಿದು ಕಪ್ಪಾದದ್ದು
ಕೈಗೆ ಬರುತ್ತಲೇ ಪುಡಿ.
ಒಳಗೆ ಮೂರು ಕೋಣೆ, ಆರು ಹಾಸಿಗೆ,
ಆರಕ್ಕೂ ಬೂಸು.
ಒದಿಲ್ ಮೂಗಿಗೆ ವಸ್ತ್ರ ಕಟ್ಟಿ ನಿಂತು
‘ಶೇವಂತಿ, ಇದು ಚೀಸ್ ಆಗಿದ್ದರೆ
ನಮ್ಮೂರಲ್ಲಿ ದುಡ್ಡು ಮಾಡಬಹುದಿತ್ತು’ ಅಂದಳು.

ಬಂದು ಹದಿನಾರು ವರ್ಷ.
ಅವಳ ಕನ್ನಡಕ್ಕೆ ಒತ್ತಕ್ಷರ ಇನ್ನೂ ಒಗ್ಗಿಲ್ಲ,
ಕೊಂಕಣಿ ಮಾತ್ರ ಮೀನುಪೇಟೆಯದ್ದು, ಬೈಗುಳ ಸಮೇತ.
ಬಂಗಡೆಯ ಕಿವಿರೆತ್ತಿ ‘ನಿನ್ನೆಯದು’ ಅಂದರೆ
ಮಾರುವವಳು ಮರುಮಾತಾಡದೆ
ಬುಟ್ಟಿಯ ತಳಕ್ಕೆ ಕೈ ಹಾಕುತ್ತಾಳೆ.

ಅಶ್ವೀಜ ಬಂತೆಂದರೆ ಅವಳಿಗೆ ಒಂಥರಾ.
ಎಲೆ ಬೀಳುವ ಕಾಲ, ಅನ್ನುತ್ತಾಳೆ.
ಎಲ್ಲಿ?
ಹಲಸು ಹಸಿರು, ಹೊನ್ನೆ ಹಸಿರು.
ಇಲ್ಲಿ ಈಗ ಬೀಳುವುದು
ಪಾಗಾರದ ಹಾವಸೆ, ಬಿಸಿಲಿಗೆ ಸಿಪ್ಪೆ ಸಿಪ್ಪೆಯಾಗಿ.
ಇಳಿಯುವುದು ಬಾವಿಯ ನೀರು.
ಅವಳ ಮಾತು ಕೇಳುವ ಮರ ಒಂದೇ,
ಗೇಟಿನ ಹತ್ತಿರದ ಕಾಡುಬಾದಾಮಿ:
ವಾರಕ್ಕೆ ನಾಲ್ಕು ಕೆಂಪೆಲೆ.
ಗುಡಿಸಲು ಹೋದರೆ
‘ಅದೊಂದು ಇರಲಿ’ ಅನ್ನುತ್ತಾಳೆ.
ಇದ್ದುಕೊಳ್ಳಲಿ. ನನ್ನ ಗಂಟೇನು ಹೋಗುತ್ತದೆ.

ಗುರುವಾರದ ರೈಲಿಗೆ ಮೊದಲ ಗಿರಾಕಿ.
ಮುದುಕ. ಒಂದೇ ಚೀಲ.
ಅವಳೂರಿಂದ ಎರಡು ಹೊಳೆ ಆಚೆಯವನಂತೆ.
ಅವನ ಪಾಸ್‌ಪೋರ್ಟು ಹಿಡಿದು
ಬಾವಿಕಟ್ಟೆಯ ಮೇಲೆ ಕೂತಳು,
ನೆಟ್‌ವರ್ಕು ಸಿಗುವುದು ಅಲ್ಲೊಂದೇ ಕಡೆ.
ಪೊಲೀಸರಿಗೆ ಕಳಿಸುವ ಸಿ ಫಾರ್ಮು:
ಎಲ್ಲಿಂದ ಬಂದಿರಿ,
ಇಲ್ಲಿಂದ ಎಲ್ಲಿಗೆ.
ಪರದೇಶಿಯ ಲೆಕ್ಕ ಬರೆಯುವವಳೂ ಪರದೇಶಿಯೇ.
ನಮ್ಮಲ್ಲಿ ಆ ಮಾತಿಗೆ
ದಿಕ್ಕಿಲ್ಲದವರು ಅಂತಲೂ ಅರ್ಥವಿದೆ.
ನಾನಾಗಿ ಹೇಳಿಲ್ಲ ಅವಳಿಗೆ.
ಹದಿನಾರು ವರ್ಷದಲ್ಲಿ ಯಾರೋ ಹೇಳಿರುತ್ತಾರೆ.

ನನ್ನೂರಿಗೆ ಇಲ್ಲಿಂದ ಇಪ್ಪತ್ತು ಕಿಲೋಮೀಟರು.
ಅರ್ಗಾ ಕಡೆ, ನೌಕಾನೆಲೆಯ ಗೋಡೆಯ ಒಳಗೆ.
ಬಸ್ಸಿನಿಂದ ನಮ್ಮ ತೆಂಗಿನ ತಲೆ ಕಾಣುತ್ತದೆ,
ನಮ್ಮದೇ ಹೌದೋ ಅಲ್ಲವೋ,
ಬಸ್ಸು ಅಷ್ಟು ಹೊತ್ತು ನಿಲ್ಲುವುದಿಲ್ಲ.
ಅಲ್ಲಿಗೆ ಹೋಗಲು ಯಾವ ಫಾರ್ಮು ಅಂತ
ಒದಿಲ್ ಒಮ್ಮೆ ಮೊಬೈಲಿನಲ್ಲಿ ಹುಡುಕಿದಳು.
ಬಹಳ ಹೊತ್ತು ಹುಡುಕಿದಳು, ಪಾಪ.

ರಾತ್ರಿ ಮುದುಕ ಬಾಗಿಲಿಗೆ ಬಂದು
ಇನ್ನೊಂದು ತಲೆದಿಂಬು ಕೇಳಿದನಂತೆ, ಅವರ ಮಾತಲ್ಲಿ.
ಇವಳಿಗೆ ತಿಳಿಯಿತು.
ಆದರೆ ಬಾಯಿ ತೆರೆದರೆ ಆ ಶಬ್ದವೇ ಇಲ್ಲ,
ತನ್ನ ಅಜ್ಜಿಯ ಮನೆಯ ಶಬ್ದ,
ಗರಿ ತುಂಬಿದ್ದು, ಅಂಚಿಗೆ ಕಸೂತಿ ಇದ್ದದ್ದು.
‘ಉಶೆಂ’ ಅಂದುಬಿಟ್ಟಳು, ಕೊಂಕಣಿಯಲ್ಲಿ.
ಮುದುಕ ಮರ್ಯಾದಸ್ಥ. ನಕ್ಕು ಹೇಳಿದನಂತೆ:
‘ನಿಮ್ಮ ಫ್ರೆಂಚ್ ಬಹಳ ಚೆನ್ನಾಗಿದೆ.
ಎಲ್ಲಿ ಕಲಿತಿರಿ?’

ಇದನ್ನು ನನಗೆ ಹೇಳುವಾಗ
ಒಲೆಯ ಮುಂದೆ ಕೂತು ನಗುತ್ತಲೇ ಇದ್ದಳು.
ನಾನೂ ನಕ್ಕೆ.
ಆಮೇಲೆ ನಾನು ನಿಲ್ಲಿಸಿದೆ.
ಅವಳು ನಿಲ್ಲಿಸಲಿಲ್ಲ.

ಮುದುಕ ತನ್ನ ಹಿತ್ತಲ ಅಕ್ರೋಟು ತಂದಿದ್ದ,
ಒಂದು ಕಾಲುಚೀಲದ ತುಂಬ.
ಒದಿಲ್ ಒಂದನ್ನು ಬಾಗಿಲ ಸಂದಿಗಿಟ್ಟು ಒಡೆದು
ತಿನ್ನಲಿಲ್ಲ, ಮೂಸಿದಳು,
ಬಂಗಡೆಯನ್ನು ಮೂಸಿದ ಹಾಗೆ.
‘ಇದು ಈ ವರ್ಷದ್ದು’ ಅಂದಳು.
ಉಳಿದದ್ದನ್ನು ನಾನು
ಕಾಯಿಯ ಜೊತೆ ಅರೆದೆ, ಜುಮ್ಮನಕಾಯಿ ಜಜ್ಜಿ ಹಾಕಿದೆ.
ಸಾರಿಗೆ ತುಸು ಕಹಿ ಇಳಿಯಿತು.
ಇಬ್ಬರೂ ಎರಡೆರಡು ಸಲ ಬಡಿಸಿಕೊಂಡರು,
ಒಬ್ಬರ ಮುಖ ಒಬ್ಬರು ನೋಡದೆ.

ಫಾರ್ಮು ಇನ್ನೂ ಹೋಗಿಲ್ಲ.
ಇಲ್ಲಿಂದ ಎಲ್ಲಿಗೆ ಅಂದರೆ
ಮುದುಕ ಭುಜ ಕುಣಿಸುತ್ತಾನೆ.
ಅವಳೂ ಒತ್ತಾಯ ಮಾಡುವುದಿಲ್ಲ.
ಅವನು ಕೇಳಿದ ದಿಂಬು ಹಂಚಿನ ಮೇಲೆ ಒಣಗುತ್ತಿದೆ.
ಈ ಉಪ್ಪುಗಾಳಿಗೆ ಇನ್ನೊಂದು ದಿನ ಬೇಕು.
ಏಣಿ ಹತ್ತಿ
ಮಗ್ಗುಲು ಬದಲಿಸಿ ಬಂದೆ.